ಬ್ರೂನೋ ಕೆ.ಎಸ್. ಅವರ ಫುಲ್ ಬಾಡಿ ಚೆಕಪ್

ಬೆಂಗಳೂರಿನಲ್ಲಿ ಈಗ ನಾಯಿಗೂ ಮಾಸ್ಟರ್ ಹೆಲ್ತ್ ಚೆಕಪ್ ಬಂದಿದೆ. ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ದರ್ಜೆ ಬೇರೆ. ಪ್ಲಾಟಿನಂ ತೆಗೆದುಕೊಂಡರೆ ಉಗುರು ಕತ್ತರಿಸುವುದು ಫ್ರೀ. ಮನೆ ಯಜಮಾನರು ತಮ್ಮ ಶುಗರ್ ನೋಡಿಸಿ ಯಾವ ಕಾಲವಾಯಿತೋ, ಕೇಳಿದರೆ ‘ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ’ ಅನ್ನುತ್ತಾರೆ. ಅದೇ ನಾಯಿಯ ಕಿಡ್ನಿ ಟೆಸ್ಟಿನ ಕ್ರಿಯಾಟಿನಿನ್ ಎಷ್ಟು ಅಂತ ಕೇಳಿ ನೋಡಿ, ದಶಮಾಂಶದ ಸಮೇತ ಒಪ್ಪಿಸುತ್ತಾರೆ.

ನಮ್ಮ ಬಡಾವಣೆಯ ಬ್ರೂನೋ ಒಬ್ಬ ಲ್ಯಾಬ್ರಡಾರ್. ಹಿಂಗಾಲು ಎಳೆದುಕೊಂಡು ನಡೆಯುತ್ತಾನೆ ಅಂತ ಅವನನ್ನು ಇಂಥದ್ದೇ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಸಿ ಹಾಲ್, ಕಾಫಿ ಮಷೀನು, ಟೋಕನ್ ನಂಬರು ಕೂಗುವ ಟಿವಿ. ಕೌಂಟರಿನ ಹುಡುಗಿ ತುಂಬಾ ಮರ್ಯಾದಸ್ತೆ.

‘ಬೇಬಿ ಹೆಸರು ಸರ್?’

‘ಬ್ರೂನೋ.’

‘ಇನಿಷಿಯಲ್?’

ಯಜಮಾನರು ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ತಮ್ಮದೇ ಇನಿಷಿಯಲ್ ಬರೆಸಿದರು. ಫೈಲಿನ ಮೇಲೆ ‘ಮಾಸ್ಟರ್ ಬ್ರೂನೋ ಕೆ.ಎಸ್.’ ಅಂತ ಅಚ್ಚಾಯಿತು. ಕೆ ಅಂದರೆ ಕಡೂರು, ಎಸ್ ಅಂದರೆ ಯಜಮಾನರ ಅಪ್ಪನ ಹೆಸರು. ಬ್ರೂನೋನ ನಿಜವಾದ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆಯವರು, ಬೆಸ್ತರ ಜತೆ ಸಮುದ್ರಕ್ಕೆ ಇಳಿದು ಬಲೆ ಎಳೆಯುತ್ತಿದ್ದವರು. ಇರಲಿ, ಈಗ ಕಡೂರಿನವನು.

ಬಾಗಿಲ ಪಕ್ಕದಲ್ಲೇ ನೆಲಕ್ಕೆ ಹತ್ತಿಕೊಂಡಂತೆ ಒಂದು ಸ್ಟೀಲಿನ ತೂಕದ ಯಂತ್ರ. ಬ್ರೂನೋ ಹತ್ತಿ ನಿಂತ. ಕೆಂಪು ಅಂಕಿ ಸ್ವಲ್ಪ ಓಲಾಡಿ 46ಕ್ಕೆ ಬಂದು ನಿಂತಿತು. ಗಂಡು ಲ್ಯಾಬ್ರಡಾರ್ ಸಾಮಾನ್ಯವಾಗಿ 29ರಿಂದ 36 ಕೆ.ಜಿ. ಇರುತ್ತದೆ. ಅಂದರೆ ರೋಗ ಬಾಗಿಲಲ್ಲೇ ಸಿಕ್ಕಿತು, ಅದೂ ಬಿಟ್ಟಿಯಾಗಿ. ಬಿಟ್ಟಿ ಸಿಕ್ಕಿದ್ದನ್ನು ಯಾರು ನಂಬುತ್ತಾರೆ ಹೇಳಿ? ಆ ಅಂಕಿಯನ್ನು ಫೈಲಿನ ಮೂಲೆಯಲ್ಲಿ ಬರೆದುಕೊಂಡು ಬ್ರೂನೋನನ್ನು ಒಳಗೆ ಕರೆದುಕೊಂಡು ಹೋದರು.

ಒಳಗೆ ಮೊದಲು ಎಕ್ಸ್‌ರೇ. ಅದು ಸರಿಯೇ, ಲ್ಯಾಬ್ರಡಾರ್‌ಗಳಿಗೆ ಸೊಂಟದ ಕೀಲಿನ ತೊಂದರೆ ಜಾಸ್ತಿ. ಎಕ್ಸ್‌ರೇಯಲ್ಲಿ ಕೀಲು ಚೆನ್ನಾಗಿತ್ತು. ಬೇರೆಯವರಾಗಿದ್ದರೆ ಖುಷಿಪಟ್ಟು ಮನೆಗೆ ಹೋಗುತ್ತಿದ್ದರು, ಇವರ ಮುಖ ಸಪ್ಪಗಾಯಿತು. ಹಾಗಾದರೆ ಎಂಆರ್‌ಐ ಮಾಡಿಬಿಡೋಣ ಅಂದರು. ಎಂಆರ್‌ಐ ಯಂತ್ರದೊಳಗೆ ಅಲ್ಲಾಡದೆ ಮಲಗಪ್ಪಾ ಅಂತ ನಾಯಿಗೆ ಹೇಳಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಅರಿವಳಿಕೆ ಕೊಡಬೇಕು. ಅರಿವಳಿಕೆ ಕೊಡಬೇಕಾದರೆ ಲಿವರ್, ಕಿಡ್ನಿ ಹೇಗಿವೆ ಅಂತ ರಕ್ತ ಪರೀಕ್ಷೆ ಆಗಬೇಕು, ಹೃದಯ ತಡೆಯುತ್ತದಾ ಅಂತ ಇಸಿಜಿ, ಎಕೋ ಆಗಬೇಕು, ಎಕೋ ಆಗಬೇಕಾದರೆ ಎದೆಯ ಪಕ್ಕದ ಕೂದಲು ಬೋಳಿಸಬೇಕು, ಬೋಳಿಸಿದ್ದಕ್ಕೆ ಒಂದು ಚಾರ್ಜು, ಬೋಳಿಸಿದ ಜಾಗಕ್ಕೆ ಹಚ್ಚುವ ಕ್ರೀಮಿಗೆ ಇನ್ನೊಂದು. ಒಂದೊಂದನ್ನೇ ಹಿಡಿದು ನೋಡಿದರೆ ವೈದ್ಯಶಾಸ್ತ್ರದ ಪ್ರಕಾರ ತಪ್ಪೇ ಇಲ್ಲ. ಎಂಆರ್‌ಐ ಬೇಕಿತ್ತಾ ಅನ್ನುವ ಒಂದು ಪ್ರಶ್ನೆ ಬಿಟ್ಟರೆ ಉಳಿದದ್ದೆಲ್ಲ ಶಾಸ್ತ್ರೋಕ್ತ.

ಮೂತ್ರ ಪರೀಕ್ಷೆಯದು ಬೇರೆಯೇ ಕಥೆ. ಬೆಳಗಿನ ಮೊದಲ ಮೂತ್ರ ಬೇಕು, ಅದರಲ್ಲೂ ಧಾರೆಯ ನಡುವಿನದು ಬೇಕು ಅಂತ ಹೇಳಿ ಕೈಗೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಮಾರನೆಯ ದಿನ ಬೆಳಕು ಹರಿಯುವ ಮುಂಚೆ ಯಜಮಾನರು ಬರ್ಮುಡಾ ಹಾಕಿಕೊಂಡು, ಕೈಯಲ್ಲಿ ಉದ್ದ ಹಿಡಿಯ ಸಾರಿನ ಸೌಟು ಹಿಡಿದು ರಸ್ತೆಗೆ ಇಳಿದರು. ಬ್ರೂನೋ ಲೈಟ್ ಕಂಬದ ಹತ್ತಿರ ಕಾಲೆತ್ತುತ್ತಾನೆ, ಇವರು ಬಗ್ಗಿ ಸೌಟು ಚಾಚುತ್ತಾರೆ, ಅವನಿಗೆ ಅನುಮಾನ ಬಂದು ಕಾಲಿಳಿಸಿ ಮುಂದಿನ ಕಂಬಕ್ಕೆ ಹೋಗುತ್ತಾನೆ. ಹಾಲು ಹಾಕುವ ಹುಡುಗ ಸೈಕಲ್ ನಿಲ್ಲಿಸಿ ನೋಡುತ್ತಿದ್ದ. ವಾಕಿಂಗಿನವರು ‘ಏನ್ ಸಾರ್, ಏನಾದ್ರೂ ಹರಕೆನಾ?’ ಅಂತ ಕೇಳಿಕೊಂಡು ಹೋದರು. ಕೊನೆಗೆ ಒಂದು ಕಾರಿನ ಚಕ್ರದ ಹತ್ತಿರ ಕೆಲಸ ಆಯಿತು. ಆ ಸೌಟು ಆಮೇಲೆ ಎಲ್ಲಿಗೆ ಹೋಯಿತು ಅಂತ ನಾನು ಕೇಳಲಿಲ್ಲ, ಅವರ ಮನೆಯಲ್ಲಿ ಊಟ ಮಾತ್ರ ಬಿಟ್ಟಿದ್ದೇನೆ.

ಎಲ್ಲ ಮುಗಿದ ಮೇಲೆ ಮದುವೆ ಆಲ್ಬಮ್ಮಿನಷ್ಟು ದಪ್ಪದ ರಿಪೋರ್ಟ್ ಬಂತು. ಕೊನೆಯ ಪುಟದಲ್ಲಿ ಒಂದು ಸಾಲು: ತೂಕ ಇಳಿಸಬೇಕು.

‘ಏನ್ ಡಾಕ್ಟ್ರೇ, ಇಷ್ಟೆಲ್ಲ ಮಾಡಿ ತೂಕ ಅಂತೀರಲ್ಲ!’

‘ಮನೇಲಿ ಏನು ಕೊಡ್ತೀರಾ ಸರ್?’

‘ಡಾಗ್ ಫುಡ್ ಅಷ್ಟೇ. ಮಧ್ಯೆ ಎರಡು ಬಿಸ್ಕತ್ತು. ನಮ್ಮಮ್ಮ ಅಪರೂಪಕ್ಕೆ ಒಂದು ತುಪ್ಪದ ದೋಸೆ ಹಾಕ್ತಾರೆ.’

‘ಅಪರೂಪ ಅಂದ್ರೆ?’

‘ದಿನಾ ಬೆಳಿಗ್ಗೆ.’

ಡಾಕ್ಟರು ಒಳ್ಳೆಯವರು. ಸಮಾಧಾನಕ್ಕೆ ಅಂತ ಒಂದು ಮಾತು ಹೇಳಿದರು: ಕೆಲವು ಲ್ಯಾಬ್ರಡಾರ್‌ಗಳಿಗೆ ಎಷ್ಟು ತಿಂದರೂ ಹಸಿವು ತಣಿಯದ ಹಾಗೆ ಮಾಡುವ ಒಂದು ಜೀನ್ ದೋಷ ಇರುತ್ತದೆ, 2016ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಅದನ್ನು ಕಂಡುಹಿಡಿದರು ಅಂತ. ಮಾತು ನಿಜ. ಆದರೆ ಹೇಳಬಾರದಿತ್ತು. ಯಜಮಾನರ ಮುಖ ಅರಳಿತು. ಜೀನ್ ಟೆಸ್ಟ್ ಎಲ್ಲಿ ಮಾಡುತ್ತಾರೆ ಅಂತ ಅಲ್ಲೇ ಫೋನಿನಲ್ಲಿ ಹುಡುಕಲು ಶುರು ಮಾಡಿದರು.

ಅಷ್ಟರಲ್ಲಿ ಸಿಸ್ಟರ್ ಲಸಿಕೆ ಪುಸ್ತಕ ಕೇಳಿದರು. ರೇಬೀಸ್ ಲಸಿಕೆ ಹಾಕಿಸುವ ತಾರೀಖು ದಾಟಿ ಯಾವುದೋ ಕಾಲವಾಗಿತ್ತು. ರೇಬೀಸ್ ಅಂದರೆ ಲಕ್ಷಣ ಕಾಣಿಸಿಕೊಂಡ ಮೇಲೆ ನಾಯಿಯೂ ಉಳಿಯುವುದಿಲ್ಲ, ಕಚ್ಚಿಸಿಕೊಂಡ ಮನುಷ್ಯನೂ ಹೆಚ್ಚುಕಡಿಮೆ ಉಳಿಯುವುದಿಲ್ಲ. ಇಡೀ ಆಸ್ಪತ್ರೆಯಲ್ಲಿ ಅತಿ ಸೋವಿಯಾದ ಔಷಧಿಗಳಲ್ಲಿ ಅದೂ ಒಂದು. ಸೆಪ್ಟೆಂಬರ್ 28ರ ರೇಬೀಸ್ ದಿನದ ಸುತ್ತಮುತ್ತ ಸರಕಾರಿ ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆಯಾಗಿಯೇ ಹಾಕುತ್ತಾರೆ. ‘ಅಯ್ಯೋ, ಅದೊಂದು ಮರ್ತೇಹೋಯ್ತು ಸಿಸ್ಟರ್’ ಅಂದರು ಯಜಮಾನರು, ನಗುತ್ತಾ. ಬರ್ತ್‌ಡೇ ಕೇಕ್ ಮಾತ್ರ ಒಂದು ವರ್ಷವೂ ಮರೆತಿಲ್ಲ.

ಯಂತ್ರಗಳ ಮೇಲೆ ನನಗೆ ಸಿಟ್ಟಿಲ್ಲ. ಬೆಂಗಳೂರಿನ ನಾಯಿಗಳನ್ನು ಕಾಡುವ ಉಣ್ಣೆ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದು ಮೂಗಲ್ಲಿ ರಕ್ತ ಬರುವ ಹೊತ್ತಿಗೆ ರಕ್ತ ಪರೀಕ್ಷೆ ಮಾಡದೆ ಗತಿಯಿಲ್ಲ. ಹೆಣ್ಣು ನಾಯಿಯ ಗರ್ಭಕೋಶದಲ್ಲಿ ಕೀವು ತುಂಬಿದರೆ ಸ್ಕ್ಯಾನಿಂಗೇ ಜೀವ ಉಳಿಸುತ್ತದೆ. ಪಾಪ, ಬಾಯಿಲ್ಲದ ಪ್ರಾಣಿ, ಎಲ್ಲಿ ನೋವು ಅಂತ ಹೇಳಲಾರದು. ಬಾಯಿಲ್ಲ ಅನ್ನುವುದೇ ಈಗ ಬಂಡವಾಳವಾಗಿದೆ ನೋಡಿ. ನಂಗೆ ಎಂಆರ್‌ಐ ಬೇಡ, ದೋಸೆ ನಿಲ್ಲಿಸಿ ಸಾಕು ಅಂತ ಬ್ರೂನೋ ಹೇಳಲಾರ. (ಹೇಳಲು ಬಂದಿದ್ದರೂ ದೋಸೆ ವಿಷಯ ಹೇಳುತ್ತಿರಲಿಲ್ಲ ಬಿಡಿ.)

ಬಿಲ್ಲಿನ ಬಗ್ಗೆ ಎರಡು ಮಾತು. ಪ್ರಾಣಿಗಳ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಸರಕಾರವೇ ಕೈಬಿಟ್ಟ ಬಿಲ್ಲು ಅಂತ ಖುಷಿಪಡಬೇಡಿ, ಬಿಟ್ಟ ಜಾಗ ಖಾಲಿ ಇರುವುದಿಲ್ಲ. ಮನುಷ್ಯರ ಖಾಸಗಿ ಆಸ್ಪತ್ರೆಗಳಿಗೆ ನಮ್ಮಲ್ಲಿ 2007ರ ಕೆಪಿಎಂಇ ಕಾಯ್ದೆ ಇದೆ, ದರಪಟ್ಟಿ ಕಾಣುವ ಹಾಗೆ ಹಾಕಬೇಕು ಅನ್ನುತ್ತದೆ. ಹಾಕುತ್ತಾರೋ ಬಿಡುತ್ತಾರೋ, ಕಾಯ್ದೆಯಂತೂ ಇದೆ. ಆ ಕಾಯ್ದೆ ಮನುಷ್ಯರ ಚಿಕಿತ್ಸೆಗೆ ಮಾತ್ರ. ಕೌಂಟರಿನಲ್ಲಿ ಬೇಬಿ, ಫೈಲಿನಲ್ಲಿ ಮಾಸ್ಟರ್ ಆದವನು ದರಪಟ್ಟಿ ಕೇಳುವಾಗ ಮಾತ್ರ ನಾಯಿಯಾಗಿಬಿಡುತ್ತಾನೆ.

ಅತ್ತ ಹಳ್ಳಿಯಲ್ಲಿ ಹಸುವಿಗೂ ಡಿಜಿಟಲ್ ಯೋಗ ಬಂದಿದೆ. ಕಿವಿಗೆ ಹಳದಿ ಓಲೆ, ಅದರ ಮೇಲೆ 12 ಅಂಕಿಯ ನಂಬರು, ನಮ್ಮ ಆಧಾರಿನ ಹಾಗೇ. ನಂಬರಿದೆ, ಡಾಕ್ಟರಿಲ್ಲ. ಇರುವ ಒಬ್ಬರಿಗೆ ಅಕ್ಕಪಕ್ಕದ ಊರಿನ ಆಸ್ಪತ್ರೆಗಳ ಚಾರ್ಜು, ಅದರ ಮೇಲೆ ಮೀಟಿಂಗು, ಗಣತಿ, ಲಸಿಕೆ ಅಭಿಯಾನ. 1962ಕ್ಕೆ ಫೋನ್ ಮಾಡಿದರೆ ಆಸ್ಪತ್ರೆಯೇ ವ್ಯಾನಿನಲ್ಲಿ ಬರುತ್ತದೆ ಅಂತ ಬೋರ್ಡ್ ಇದೆ. ಬರುತ್ತದೆ ಕೂಡ, ಕೆಚ್ಚಲು ಬಾವು ಬಂದ ಹಸು ಅಲ್ಲಿಯವರೆಗೆ ಕಾಯಬೇಕು ಅಷ್ಟೇ. ಬಂದ ಡಾಕ್ಟರು ಕೆಚ್ಚಲು ಮುಟ್ಟಿ ನೋಡಿ, ನಾಲ್ಕು ಹನಿ ಹಾಲು ಕರೆದು ಪರೀಕ್ಷೆಯ ದ್ರಾವಣ ಬೆರೆಸಿ ಅಲ್ಲಾಡಿಸಿ, ಅದು ಲೋಳೆಯಾದದ್ದನ್ನು ತೋರಿಸಿ ‘ನೋಡಮ್ಮಾ, ಈ ತೊಟ್ಟಿಗೆ ಬಾವು ಬಂದದೆ’ ಅನ್ನುತ್ತಾರೆ. ಅರ್ಧ ನಿಮಿಷದ ಕೆಲಸ. 1958ರಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಕಲಿಸಿಕೊಂಡು ಬಂದದ್ದು ಇದನ್ನೇ. ಅಲ್ಲಿ ಈಗಲೂ ಮೇಕೆ, ಎಮ್ಮೆ, ಪಗ್ ಎಲ್ಲಕ್ಕೂ ಸರಕಾರಿ ದರದಲ್ಲಿ ಚಿಕಿತ್ಸೆ ಸಿಗುತ್ತದೆ. ಬ್ರೂನೋ ಮನೆಯವರಿಗೆ ಅಲ್ಲಿಗೆ ಹೋಗಲು ಮನಸ್ಸಿಲ್ಲ. ಎಮ್ಮೆ ಪಕ್ಕ ನಿಂತರೆ ಅವನಿಗೆ ಆಂಕ್ಸೈಟಿ ಆಗುತ್ತದಂತೆ.

ಈಗ ಬ್ರೂನೋ ವೇಯ್ಟ್ ಮ್ಯಾನೇಜ್‌ಮೆಂಟ್ ಪ್ಯಾಕೇಜಿಗೆ ಸೇರಿದ್ದಾನೆ. ವಾರಕ್ಕೆರಡು ಸಲ ಕಾರಿನಲ್ಲಿ ಸಿಲ್ಕ್ ಬೋರ್ಡ್ ದಾಟಿ ಹೋಗಿ, ಗಾಜಿನ ತೊಟ್ಟಿಯಲ್ಲಿ ಬೆಚ್ಚಗಿನ ನೀರು ತುಂಬಿಸಿದ ಟ್ರೆಡ್‌ಮಿಲ್ ಮೇಲೆ ನಡೆದು ಬರುತ್ತಾನೆ. ಮನೆ ಎದುರಿಗೇ ದೊಡ್ಡ ಪಾರ್ಕ್ ಇದೆಯಲ್ಲ, ಅಲ್ಲೇ ನಡೆಸಬಾರದಾ ಅಂತ ಕೇಳಿದೆ. ‘ಹೇಗ್ರೀ ಆಗುತ್ತೆ, ಗೇಟಲ್ಲಿ ನಾಯಿಗಳಿಗೆ ಪ್ರವೇಶವಿಲ್ಲ ಅಂತ ಬೋರ್ಡ್ ಇದೆಯಲ್ಲ’ ಅಂದರು. ಬೋರ್ಡ್ ನಾನೂ ನೋಡಿದ್ದೇನೆ. ಕೆಳಗೆ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿಯ ಹೆಸರಿದೆ, ಇನಿಷಿಯಲ್ ಕೆ.ಎಸ್.