ನಾರ್ವೆಯ ‘40 ನಿಮಿಷದ ರಾತ್ರಿ’: ಸ್ಪಷ್ಟನೆ

‘ನಾರ್ವೆಯಲ್ಲಿ ಸೂರ್ಯ ರಾತ್ರಿ 12.43ಕ್ಕೆ ಮುಳುಗಿ 40 ನಿಮಿಷದಲ್ಲೇ ಹುಟ್ಟುತ್ತಾನೆ; ಬೇಸಿಗೆಯಲ್ಲಿ ಭೂಮಿ ಸೂರ್ಯನ ಹತ್ತಿರ ಹೋಗುವುದೇ ಕಾರಣ’ ಎಂಬ ಸಂದೇಶ ಬೆಂಗಳೂರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ತಪ್ಪು.

ಇಡೀ ದೇಶಕ್ಕೆ ಒಂದೇ ಲೆಕ್ಕ ಇಲ್ಲ. ಜೂನ್ 21ರಂದು ಓಸ್ಲೊದಲ್ಲಿ ಸೂರ್ಯ ರಾತ್ರಿ 10.45ರ ಸುಮಾರಿಗೆ ಮುಳುಗಿ, ಬೆಳಗಿನ ಜಾವ 4ಕ್ಕೆ ಸ್ವಲ್ಪ ಮೊದಲು ಹುಟ್ಟುತ್ತಾನೆ. ಆರ್ಕ್‌ಟಿಕ್ ವೃತ್ತದ ಆಚೆಗಿನ ಟ್ರೊಮ್ಸೊದಲ್ಲಿ ಮೇ 20ರ ಆಸುಪಾಸಿನಿಂದ ಜುಲೈ 22ರ ಆಸುಪಾಸಿನವರೆಗೆ ಮುಳುಗುವುದೇ ಇಲ್ಲ. ಜೂನ್ 21ರಂದು ಅಲ್ಲಿ ರಾತ್ರಿ 12.45ರ ಹೊತ್ತಿಗೆ ಸೂರ್ಯ ತೀರಾ ಕೆಳಗಿಳಿದಾಗಲೂ ದಿಗಂತದಿಂದ ಸುಮಾರು 3 ಡಿಗ್ರಿ ಮೇಲೆ, ನೇರ ಉತ್ತರಕ್ಕೆ ಇರುತ್ತಾನೆ. ಕೈ ಚಾಚಿ ಹಿಡಿದರೆ ಎರಡು ಬೆರಳಿನಗಲ, ಅಷ್ಟೇ. ಹಾಗಾಗಿ ಪ್ರವಾಸ ಹೊರಟವರು ಉತ್ತರಕ್ಕೆ ಬೆಟ್ಟ ಅಡ್ಡ ಬರದ ಜಾಗ ಹುಡುಕಬೇಕು. ಆರು ತಿಂಗಳ ಹಗಲು ಧ್ರುವದ ಮಾತು, ಟ್ರೊಮ್ಸೊದ್ದಲ್ಲ.

ದೂರದ ವಾದ ಪೂರ್ತಿ ತಿರುವುಮುರುವು. ಜುಲೈ ಆರಂಭದಲ್ಲಿ ಭೂಮಿ ಸೂರ್ಯನಿಂದ ಅತಿ ದೂರದಲ್ಲಿರುತ್ತದೆ, ಸುಮಾರು 15.2 ಕೋಟಿ ಕಿ.ಮೀ.; ಜನವರಿಯಲ್ಲಿ 14.7 ಕೋಟಿ. ನಿಜವಾದ ಕಾರಣ ಭೂಮಿಯ ಅಕ್ಷದ 23.4 ಡಿಗ್ರಿ ಓರೆ.

ಮಕ್ಕಳಿಗೆ ತೋರಿಸುವುದು ಸುಲಭ. ಮೂಸಂಬಿಗೆ ಕಡ್ಡಿ ಚುಚ್ಚಿ, ಕತ್ತಲ ಕೋಣೆಯಲ್ಲಿ ಬಲ್ಬಿನಿಂದ ನಾಲ್ಕೈದು ಅಡಿ ದೂರದಲ್ಲಿ, ಕಡ್ಡಿಯ ತುದಿಯನ್ನು ಬಲ್ಬಿನತ್ತ ಓರೆ ಮಾಡಿ ತಿರುಗಿಸಿ. ತುದಿಯ, ಅಂದರೆ ಉತ್ತರ ಧ್ರುವದ, ಸುತ್ತಲಿನ ಸಿಪ್ಪೆಗೆ ಕತ್ತಲೆಯೇ ಬರುವುದಿಲ್ಲ. ತೀರಾ ಹತ್ತಿರ ಹಿಡಿದರೆ ಹಣ್ಣಿನ ಅರ್ಧಕ್ಕಿಂತ ಕಡಿಮೆ ಭಾಗ ಬೆಳಗಿ ಪ್ರಯೋಗ ಕೆಡುತ್ತದೆ. ತಿರುಗಿಸುವಾಗ ಓರೆಯೂ ಬದಲಾಗಬಾರದು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಭೂಮಿಯ ನಡುಭಾಗಕ್ಕೆ ಹತ್ತಿರವಿದೆ. ಆದ್ದರಿಂದಲೇ ನಮ್ಮ ಅತಿ ದೀರ್ಘ ಹಗಲು ಕೂಡ 13 ಗಂಟೆ ಮುಟ್ಟುವುದಿಲ್ಲ.