ಬಾಡಿಗೆಯವರು ಎಲ್ಲಿ ಮಲಗ್ತಿದ್ರು?

ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್‌ಗೆ ಬರುವ ನೆಂಟರನ್ನೆಲ್ಲ ನಾನು ಪೆನ್ಸಿಲ್ವೇನಿಯಾ ಸ್ಟ್ರೀಟಿನ ಮಾಲಿ ಬ್ರೌನ್ ಮನೆಗೆ ಕರೆದುಕೊಂಡು ಹೋಗುತ್ತೇನೆ. ಟೈಟಾನಿಕ್ ಮುಳುಗಿದಾಗ ಬದುಕಿ ಬಂದ ಹೆಂಗಸಿನ ಮನೆ ಅಂದರೆ ಸಾಕು, ಯಾರೂ ಬೇಡ ಅನ್ನಲ್ಲ. (ಆಕೆಯ ಹೆಸರು ಮಾರ್ಗರೆಟ್. ಮಾಲಿ ಅನ್ನೋದು ಸತ್ತ ಮೇಲೆ ನಾಟಕ, ಸಿನಿಮಾದವರು ಅಂಟಿಸಿದ್ದು.) ಈ ಸಲದ ಸರದಿ ನಮ್ಮತ್ತೆಯದು.

ಬಾಗಿಲ ಬಳಿ ಕಲ್ಲಿನ ಸಿಂಹಗಳು. ಒಳಗೆ ಕಾಲಿಟ್ಟರೆ ಹಜಾರದ ಗೋಡೆಗೆ ಚಿನ್ನದ ಬಣ್ಣ. ದೂರದಿಂದ ಲೋಹದ ತಗಡಿನ ಮೇಲೆ ಉಬ್ಬು ಕೆತ್ತನೆ ಮಾಡಿದ ಹಾಗೆ ಕಾಣುತ್ತೆ. ಹತ್ತಿರ ಹೋದರೆ ಬರೀ ಕಾಗದ! ಅನಗ್ಲಿಪ್ಟಾ ಅಂತಾರೆ. ಕಾಗದದ ತಿರುಳನ್ನು ಅಚ್ಚಿಗೆ ಒತ್ತಿ ಉಬ್ಬು ಬರಿಸಿ, ಮೇಲೆ ಬಣ್ಣ ಬಳಿಯುವುದು. ಅತ್ತೆ ಮುಟ್ಟಲು ಹೋದರು, ನಾನು ಕೈ ಹಿಡಿದುಕೊಂಡೆ.

"ಥರ್ಮೋಕೋಲ್ ಮಂಟಪಕ್ಕೆ ಗೋಲ್ಡ್ ಪೇಂಟ್ ಹೊಡೆದ ಹಾಗಿದೆ ಕಣಮ್ಮ" ಅಂದರು.

ತಪ್ಪೇನಿಲ್ಲ. ಒಂದು ಮೂಲೆ ಖಾಲಿ ಬಿಟ್ಟರೂ ಜನ ಬಡವರು ಅಂದುಕೊಂಡಾರು ಅನ್ನೋ ಭಯ ಆ ಕಾಲದ ಸಾಹುಕಾರರಿಗೆ ಇತ್ತೇನೋ.

ಮನೆ ಕಟ್ಟಿದ್ದು 1889ರಲ್ಲಿ. ಕಟ್ಟಿಸಿದವರು 1893ರಲ್ಲಿ ಬೆಳ್ಳಿ ಬೆಲೆ ಬಿದ್ದಾಗ ಕೈಸುಟ್ಟುಕೊಂಡರು. ಲೆಡ್‌ವಿಲ್ ಗಣಿಯಲ್ಲಿ ಚಿನ್ನ ಸಿಕ್ಕಿ ಸಾಹುಕಾರರಾಗಿದ್ದ ಜೆ.ಜೆ. ಬ್ರೌನ್ ಮರುವರ್ಷ 30,000 ಡಾಲರಿಗೆ ಕೊಂಡರು. 1932ರಲ್ಲಿ ಅವರ ಹೆಂಡತಿ ಮಾರ್ಗರೆಟ್ ತೀರಿಕೊಂಡ ಮೇಲೆ ಅದೇ ಮನೆ ಬಿಕರಿಯಾಗಿದ್ದು 5,000ಕ್ಕೆ.

ಆಮೇಲೆ ಅದನ್ನು 12 ಭಾಗ ಮಾಡಿ ಬಾಡಿಗೆಗೆ ಕೊಟ್ಟರು. ಅದಕ್ಕೂ ಮುಂಚೆ, 1926ರಲ್ಲೇ ಅದು ಬೋರ್ಡಿಂಗ್ ಹೌಸ್ ಆಗಿತ್ತು. ಕೊನೆಗೆ 1970ರಲ್ಲಿ, ಇನ್ನೇನು ಕೆಡವುತ್ತಾರೆ ಅನ್ನೋ ಹೊತ್ತಿಗೆ, ಊರಿನವರು ಸೇರಿ ಹಿಸ್ಟಾರಿಕ್ ಡೆನ್ವರ್ ಸಂಸ್ಥೆ ಕಟ್ಟಿ ಉಳಿಸಿಕೊಂಡರು. 1910ರಲ್ಲಿ ತೆಗೆದ ಒಳಗಿನ ಫೋಟೊಗಳು ಅದೃಷ್ಟಕ್ಕೆ ಇದ್ದವು. ಅವನ್ನು ಮುಂದಿಟ್ಟುಕೊಂಡು, ಬಣ್ಣದ ಚೂರುಗಳನ್ನು ಪರೀಕ್ಷೆ ಮಾಡಿ, ಹಳೇ ರೂಪ ತಂದು ಮ್ಯೂಸಿಯಂ ಮಾಡಿದರು. ಆ ತಾಳ್ಮೆಗೆ ಕೈಮುಗಿಯಬೇಕು.

ಮಹಡಿಯಲ್ಲಿ ಅತ್ತೆ ಮೆಲ್ಲಗೆ ಕೇಳಿದರು, "ಬಾಡಿಗೆಯವರು ಎಲ್ಲಿ ಮಲಗ್ತಿದ್ರು?"

ಅತ್ತೆ ಬೆಳೆದದ್ದು ಚಾಮರಾಜಪೇಟೆಯ ವಠಾರದಲ್ಲಿ. ಎಂಟು ಸಂಸಾರ, ಒಂದೇ ನಲ್ಲಿ. "ಅಡ್ಡಗೋಡೆ ಎಲ್ಲ ತೆಗೆದುಬಿಟ್ಟಿದ್ದಾರೆ ಅತ್ತೆ" ಅಂದೆ. "ಅಯ್ಯೋ, ಒಂದನ್ನಾದರೂ ಬಿಡಬಾರದಿತ್ತೇ?"

ಆ ಪ್ರಶ್ನೆ ನನ್ನ ತಲೆಯಿಂದ ಹೋಗಿಲ್ಲ. 1910ನ್ನು ಆರಿಸಿಕೊಂಡಿದ್ದು ತಪ್ಪಲ್ಲ, ಫೋಟೊ ಇದ್ದದ್ದೇ ಆ ವರ್ಷದ್ದು. ಟಿಕೆಟ್ ಕೊಂಡವರಿಗೂ ಮಾರ್ಗರೆಟ್ಟೇ ಬೇಕು. ಆದರೆ ಬ್ರೌನ್ ದಂಪತಿ ಇಲ್ಲಿ ಕಾಲೂರಿದ್ದೇ ಕಮ್ಮಿ. 1902ರಲ್ಲಿ ಅವರು ಪ್ರವಾಸ ಹೋದಾಗ ಕೊಲರಾಡೊ ಗವರ್ನರೇ ಬಂದು ಬಾಡಿಗೆಗಿದ್ದರು! ಸುತ್ತಲಿನ ಬಂಗಲೆಗಳು ಉರುಳುತ್ತಿದ್ದ ಕಾಲದಲ್ಲಿ ಇದರ ಚಾವಣಿ ನಿಂತದ್ದು ಯಾರ ದುಡ್ಡಿನಿಂದ? ತಿಂಗಳ ಬಾಡಿಗೆಯಿಂದಲೇ ಅಲ್ವಾ? ಅವರದ್ದೂ ಒಂದು ಕೋಣೆ ಇರಲಿ ಅನ್ನೋದು ನನ್ನ ಆಸೆ. ತೆಳ್ಳಗಿನ ಅಡ್ಡಗೋಡೆ, ಕಬ್ಬಿಣದ ಮಂಚ, ಕೋಟು ನೇತುಹಾಕಲು ಒಂದು ಮೊಳೆ. ಜಾಸ್ತಿ ಏನೂ ಬೇಡ.

ಹೊರಗೆ ಬಂದ ಮೇಲೆ ಅತ್ತೆ ಸಿಂಹದ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಆಮೇಲೆ ಮಹಡಿ ಕಿಟಕಿಗಳನ್ನು ಒಂದೊಂದಾಗಿ ನೋಡಿ, "ಹನ್ನೆರಡು ಸಂಸಾರಕ್ಕೆ ಬಚ್ಚಲು ಎಷ್ಟಿತ್ತೋ" ಅಂದರು.