ಟೆಕ್ಸಾಸ್ ಬೋರ್ಡು, ಕೆಂಟಕಿ ಲೆಕ್ಕ

ಕೂತಲ್ಲಿಗೇ ಬಂದು ಬಡಿಸುವ, ಆದರೆ ಜೀನ್ಸ್ ಪ್ಯಾಂಟಿನಲ್ಲೇ ಮಕ್ಕಳನ್ನು ಕರ್ಕೊಂಡು ಹೋಗಬಹುದಾದ ರೆಸ್ಟೋರೆಂಟ್‌ಗಳಿಗೆ ಅಮೆರಿಕದಲ್ಲಿ ಕ್ಯಾಶುವಲ್ ಡೈನಿಂಗ್ ಅಂತಾರೆ. ಈ ಸಾಲಿನಲ್ಲಿ ಕೆಲವು ವರ್ಷಗಳಿಂದ ಆಲಿವ್ ಗಾರ್ಡನ್ ಮೊದಲನೇ ಸ್ಥಾನ ಹಿಡಿದು ಕೂತಿತ್ತು. 2024ರ ಮಾರಾಟದ ಲೆಕ್ಕ ತೆಗೆದಾಗ ಅದನ್ನು ಕೆಳಗಿಳಿಸಿದ್ದು ಸ್ಟೇಕ್‌ಗೆ, ಅಂದರೆ ಸುಟ್ಟ ದನದ ಮಾಂಸದ ತುಂಡಿಗೆ ಹೆಸರಾದ ಟೆಕ್ಸಾಸ್ ರೋಡ್‌ಹೌಸ್. ವರ್ಷಕ್ಕೆ 5 ಬಿಲಿಯನ್ ಡಾಲರಿಗೂ ಮಿಕ್ಕಿದ ವ್ಯಾಪಾರ. ಅದೂ ಟೀವಿಯಲ್ಲಿ ದೇಶವ್ಯಾಪಿ ಜಾಹೀರಾತಿಲ್ಲದೆ, ಹೆಚ್ಚಿನ ಕಡೆ ವಾರದ ದಿನಗಳಲ್ಲಿ ಮಧ್ಯಾಹ್ನದ ಊಟಕ್ಕೆ ಬಾಗಿಲೇ ತೆರೆಯದೆ.

ಹೆಸರಲ್ಲಿ ಟೆಕ್ಸಾಸ್ ಇದೆ ಅಷ್ಟೆ. ಮೊದಲ ಹೋಟೆಲ್ ಶುರುವಾದದ್ದು 1993ರಲ್ಲಿ, ಇಂಡಿಯಾನಾದ ಕ್ಲಾರ್ಕ್ಸ್‌ವಿಲ್‌ನಲ್ಲಿ. ಮುಖ್ಯ ಕಚೇರಿ ಓಹಾಯೋ ನದಿ ದಾಟಿದರೆ ಸಿಗುವ ಕೆಂಟಕಿಯ ಲೂಯಿವಿಲ್‌ನಲ್ಲಿ. ಒಳಗೆ ಹೋದರೆ ನಿಯಾನ್ ದೀಪ, ಜೂಕ್‌ಬಾಕ್ಸಿನಲ್ಲಿ ಕಂಟ್ರಿ ಹಾಡು, ಬಕೆಟ್ಟಿನಲ್ಲಿ ಕಡಲೆಕಾಯಿ. ಹುಟ್ಟುಹಬ್ಬ ಅಂತ ಗೊತ್ತಾದರೆ ಮರದ ಸ್ಟ್ಯಾಂಡಿನ ಮೇಲಿಟ್ಟ ಕುದುರೆ ಜೀನಿನ ಮೇಲೆ ಹತ್ತಿಸಿ, ಹೋಟೆಲ್ಲಿನಲ್ಲಿರೋರೆಲ್ಲ 'ಯೀಹಾ' ಅಂತ ಕೂಗೋ ಹಾಗೆ ಮಾಡ್ತಾರೆ. ಮಕ್ಕಳಿಗೆ ಖುಷಿ, ನಲವತ್ತು ದಾಟಿದ ಗಂಡಸರಿಗೆ ಪ್ರಾಣಸಂಕಟ. ಇದರ ಹಿರಿಯ ದಾಯಾದಿ ಔಟ್‌ಬ್ಯಾಕ್ ಸ್ಟೇಕ್‌ಹೌಸ್‌ನದು ಇನ್ನೂ ತಮಾಷೆ. 1988ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಆಸ್ಟ್ರೇಲಿಯಾ ಹೆಸರಲ್ಲಿ ಅಂಗಡಿ ತೆರೆದವರು ಆವಾಗ ಆಸ್ಟ್ರೇಲಿಯಾ ನೋಡಿಯೇ ಇರಲಿಲ್ಲ. ಹೂವಿನ ಹಾಗೆ ಕತ್ತರಿಸಿ ಇಡಿಯಾಗಿ ಕರಿಯುವ ಅವರ ಹೆಸರಾಂತ ಈರುಳ್ಳಿಗೂ ಆ ದೇಶಕ್ಕೂ ಸಂಬಂಧವೇ ಇಲ್ಲ.

ವೇಷ ನೋಡಿ ಜನ ಒಂದು ಸಲ ಬರ್ತಾರೆ. ಎರಡನೇ ಸಲ ಬರ್ತಾರೋ ಇಲ್ಲವೋ ಅನ್ನೋದು ಆ ಬ್ರಾಂಚಿನ ಮ್ಯಾನೇಜರಿಗೆ ಏನು ದಕ್ಕುತ್ತೆ ಅನ್ನೋದರ ಮೇಲಿದೆ ಅಂತ ನನ್ನ ವಾದ.

ಟೆಕ್ಸಾಸ್ ರೋಡ್‌ಹೌಸ್ ಕಟ್ಟಿದ ಕೆಂಟ್ ಟೇಲರ್ ಮೊದಲು ಕೆಎಫ್‌ಸಿಯಲ್ಲಿ ಕೆಲಸಕ್ಕಿದ್ದವರು. ದುಡ್ಡು ಹಾಕಿ ಅಂತ ಅವರು ಹೋಗಿ ಕೇಳಿದ ಕಡೆಯಲ್ಲೆಲ್ಲ ಇಲ್ಲ ಅನ್ನಿಸಿಕೊಂಡು, ಕೊನೆಗೆ ಪೇಪರ್ ನ್ಯಾಪ್‌ಕಿನ್ ಮೇಲೆ ಹೋಟೆಲಿನ ನಕ್ಷೆ ಗೀಚಿ ತೋರಿಸಿ, ಕೆಂಟಕಿಯ ಎಲಿಜಬೆತ್‌ಟೌನಿನ ಮೂವರು ಡಾಕ್ಟರುಗಳಿಂದ 3 ಲಕ್ಷ ಡಾಲರ್ ಹೊಂದಿಸಿದರು. ಮೊದಲ ಐದು ಹೋಟೆಲುಗಳಲ್ಲಿ ಮೂರು ಮುಳುಗಿದವು. ಉಳಿದೆರಡರಿಂದ ಬೆಳೆದು 2004ರಲ್ಲಿ ಷೇರು ಮಾರುಕಟ್ಟೆಗೆ ಬಂತು.

ಅವರ ವ್ಯವಸ್ಥೆ ಹೀಗಿದೆ. ಹೋಟೆಲಿನ ಮ್ಯಾನೇಜಿಂಗ್ ಪಾರ್ಟ್‌ನರ್ ಆಗಬೇಕಾದವನು ತನ್ನ ಕೈಯಿಂದ 25,000 ಡಾಲರ್ ಠೇವಣಿ ಇಡಬೇಕು, ಐದು ವರ್ಷದ ಕರಾರಿಗೆ ಸಹಿ ಹಾಕಬೇಕು. ಬದಲಿಗೆ ಸಂಬಳದ ಜೊತೆಗೆ ಆ ಹೋಟೆಲಿನ ತೆರಿಗೆಗೆ ಮುಂಚಿನ ಲಾಭದಲ್ಲಿ ಶೇ. 10 ಅವನದು. ನಮ್ಮ ಕಡೆ ಕೋರಿಗೆ ಹೊಲ ಮಾಡುವವರು ಗೊತ್ತಲ್ಲ, ಹಾಗೆ. ಜಮೀನು ಅವನದಲ್ಲ, ಆದರೆ ರಾಶಿಯಲ್ಲಿ ಪಾಲಿದೆ ಅಂತ ಗೊತ್ತಿರೋದರಿಂದ ರಾತ್ರಿ ನೀರು ಕಟ್ಟೋಕೆ ತಾನೇ ಏಳ್ತಾನೆ. ಮ್ಯಾಕ್‌ಡೊನಾಲ್ಡ್ಸ್ ಥರದ ಫ್ರಾಂಚೈಸಿ ವ್ಯವಸ್ಥೆ ಬೇರೆ, ಅಲ್ಲಿ ಕಂಪನಿಯ ಹೆಸರಲ್ಲಿ ವ್ಯಾಪಾರ ನಡೆಸೋರು ಬೇರೆಯವರು. ರೋಡ್‌ಹೌಸ್‌ನಲ್ಲಿ ಹೆಚ್ಚಿನವು ಕಂಪನಿಯವೇ. ಹಿಂದೆ ಫ್ರಾಂಚೈಸಿಗೆ ಕೊಟ್ಟಿದ್ದನ್ನೂ ಈಚೆಗೆ ವಾಪಸ್ ಕೊಳ್ಳುತ್ತಿದ್ದಾರೆ.

ಈ ಪಾಲಿನ ಪರಿಣಾಮ ಕಣ್ಣಿಗೆ ಕಾಣುತ್ತೆ. ಬಾಗಿಲ ಹತ್ತಿರ ಗಾಜಿನ ಪೆಟ್ಟಿಗೆಯಲ್ಲಿ ಆವತ್ತು ಕತ್ತರಿಸಿದ ಮಾಂಸ ಸಾಲಾಗಿ ಇಟ್ಟಿರುತ್ತಾರೆ. ಬೇಕಾದರೆ ಬೆರಳಿಟ್ಟು ತೋರಿಸಿ 'ಇದು ಕೊಡಿ' ಅನ್ನಬಹುದು. ಫ್ಯಾಕ್ಟರಿಯಿಂದ ಕತ್ತರಿಸಿ ಪ್ಯಾಕ್ ಮಾಡಿ ತರಿಸಿದರೆ ಖರ್ಚು ಉಳಿಯುತ್ತಿತ್ತು. ಇವರು ಪ್ರತಿ ಹೋಟೆಲಿಗೂ ಮಾಂಸ ಕತ್ತರಿಸುವವನನ್ನು ಇಟ್ಟಿದ್ದಾರೆ. ಫ್ರಿಜ್ಜಿನಷ್ಟು ತಣ್ಣಗಿನ ಕೋಣೆಯಲ್ಲಿ ಜಾಕೆಟ್ ಹಾಕಿಕೊಂಡು ಅವನು ಗಂಟೆಗಟ್ಟಲೆ ನಿಂತೇ ಇರ್ತಾನೆ. ಮಾಂಸ ಕತ್ತರಿಸುವವರಿಗೆ ಅಂತಲೇ ದೇಶಮಟ್ಟದ ಸ್ಪರ್ಧೆ ನಡೆಸಿ ಸಾವಿರಾರು ಡಾಲರ್ ಬಹುಮಾನ ಕೊಡ್ತಾರೆ. ಬಡಿಸುವವರಿಗೆ ತಲಾ ಮೂರೇ ಟೇಬಲ್. ಹಾಗಾಗಿ ನೀರಿನ ಲೋಟ ಖಾಲಿಯಾಗೋದು ಅವರ ಕಣ್ಣಿಗೆ ಬೀಳುತ್ತೆ. ಟೇಬಲ್ಲಿಗೆ ಕರ್ಕೊಂಡು ಹೋಗುವಾಗಲೇ ಬಿಸಿ ಬನ್ನಿನ ಬುಟ್ಟಿ, ದಾಲ್ಚಿನ್ನಿ ಹಾಕಿದ ಬೆಣ್ಣೆ ಕೈಯಲ್ಲಿ ಹಿಡಿದಿರುತ್ತಾರೆ, ಅದಕ್ಕೆ ದುಡ್ಡಿಲ್ಲ. ನಮ್ಮ ಮನೆಯವರಿಗಂತೂ ಊಟ ಅಂದರೆ ಆ ಬನ್ನೇ.

ಲೆಕ್ಕ ನೋಡಿದರೆ ಇದೆಲ್ಲ ದುಬಾರಿ ಅಂತ ಗೊತ್ತಾಗುತ್ತೆ. 2024ರಲ್ಲಿ ನೂರು ಡಾಲರ್ ವ್ಯಾಪಾರವಾದರೆ ಸುಮಾರು 33 ಡಾಲರ್ ಸಾಮಾನಿಗೆ, ಇನ್ನೊಂದು 33 ಕೆಲಸದವರಿಗೆ ಹೋಗಿತ್ತು. ಬಾಡಿಗೆ, ಕರೆಂಟು ಇತ್ಯಾದಿ ಕಳೆದು ಹೋಟೆಲಿನ ಮಟ್ಟದಲ್ಲಿ ಉಳಿದದ್ದು 17ರ ಆಸುಪಾಸು. ಅದಕ್ಕೇ ಜನಜಂಗುಳಿ ಇರಲೇಬೇಕು. ಒಂದೊಂದು ಹೋಟೆಲ್ ವರ್ಷಕ್ಕೆ ಸುಮಾರು 80 ಲಕ್ಷ ಡಾಲರ್ ವ್ಯಾಪಾರ ಮಾಡುತ್ತೆ. ಔಟ್‌ಬ್ಯಾಕಿನದು ಅದರ ಅರ್ಧದ ಹತ್ತಿರ.

ಔಟ್‌ಬ್ಯಾಕ್ ಕಥೆ ಓದಿದರೆ ಹೊಟ್ಟೆ ಉರಿಯುತ್ತೆ, ಯಾಕಂದರೆ ಈ ಸೂತ್ರ ಮೊದಲು ಅವರದೇ. 25,000 ಡಾಲರ್, ಐದು ವರ್ಷ, ಶೇ. 10 ಪಾಲು, ತಲಾ ಮೂರು ಟೇಬಲ್, ರಾತ್ರಿ ಊಟ ಮಾತ್ರ, ಎಲ್ಲ ಅವರಲ್ಲಿತ್ತು. ಮಧ್ಯಾಹ್ನವೂ ತೆರೆದರೆ ಅಡುಗೆಯವರು ರಾತ್ರಿ ಹೊತ್ತಿಗೆ ಸುಸ್ತಾಗಿರ್ತಾರೆ ಅನ್ನೋದು ಸ್ಥಾಪಕರ ಲೆಕ್ಕಾಚಾರ. 2007ರಲ್ಲಿ ಬೇನ್ ಕ್ಯಾಪಿಟಲ್ ಮತ್ತು ಕ್ಯಾಟರ್ಟನ್ ಅನ್ನೋ ಖಾಸಗಿ ಹೂಡಿಕೆಯವರು 3 ಬಿಲಿಯನ್ ಡಾಲರಿಗೂ ಮಿಕ್ಕಿ ಕೊಟ್ಟು ಕೊಂಡರು. ಕೊಟ್ಟದ್ದರಲ್ಲಿ ದೊಡ್ಡ ಭಾಗ ಸಾಲ, ಆ ಸಾಲ ಬಂದು ಕೂತದ್ದು ಕಂಪನಿಯ ತಲೆ ಮೇಲೆ. ಸ್ವಂತ ಜಾಗಗಳನ್ನು ಬೇರೊಂದು ಸೋದರ ಕಂಪನಿಗೆ ಮಾರಿ, ಅದೇ ಜಾಗಕ್ಕೆ ಬಾಡಿಗೆ ಕಟ್ಟೋ ಹಾಗಾಯಿತು. 2012ರಲ್ಲಿ ಬ್ಲೂಮಿನ್ ಬ್ರಾಂಡ್ಸ್ ಅನ್ನೋ ಹೆಸರಲ್ಲಿ ಮತ್ತೆ ಷೇರು ಮಾರುಕಟ್ಟೆಗೆ ತಂದರು. ಮಧ್ಯಾಹ್ನದ ಊಟ ಶುರುವಾಯಿತು. ಬರುಬರುತ್ತಾ ಒಬ್ಬ ಸರ್ವರ್‌ ತಲೆಗೆ ಆರು ಟೇಬಲ್ ಬಿತ್ತು. 2025ರಲ್ಲಿ ಹೊಸ ಆಡಳಿತ ನಾಲ್ಕಕ್ಕೆ ಇಳಿಸುತ್ತೇವೆ ಅಂದಿತು. 2024ರಲ್ಲಿ ಈ ಕಂಪನಿ 41 ಹೋಟೆಲ್ ಮುಚ್ಚಿತು, ಅದೇ ವರ್ಷ ಬ್ರೆಜಿಲ್ ವ್ಯವಹಾರದ ಶೇ. 67ನ್ನು ಮಾರಲು ಒಪ್ಪಿತು. ಬ್ರೆಜಿಲ್ ಅಂದರೆ ಔಟ್‌ಬ್ಯಾಕ್ ಅತಿ ಚೆನ್ನಾಗಿ ನಡೆಯೋ ಜಾಗ! ಮನೆಯಲ್ಲಿ ಹಾಲು ಕೊಡೋ ಹಸುವನ್ನೇ ಸಂತೆಗೆ ಹೊಡೆದ ಲೆಕ್ಕ.

ರೋಡ್‌ಹೌಸ್‌ನ ಟೇಲರ್ ಅವರನ್ನು ಹೊಗಳುವವರು ಬಹಳ ಜನ ಇದ್ದಾರೆ. 2020ರ ಮಾರ್ಚಲ್ಲಿ ಹೋಟೆಲುಗಳ ಒಳಾಂಗಣ ಮುಚ್ಚಿದಾಗ ಅವರು ತಮ್ಮ ಸಂಬಳ, ಬೋನಸ್ ಎರಡೂ ಬಿಟ್ಟುಕೊಟ್ಟು ಕೆಲಸಗಾರರ ನೆರವಿಗೆ ಹಾಕಿದರು. ಮರುವರ್ಷ ಕೋವಿಡ್ ನಂತರದ ತೊಂದರೆ, ಕಿವಿಯೊಳಗಿನ ನಿಲ್ಲದ ಮೊರೆತ ತಡೆಯಲಾಗದೆ ತಾವೇ ಜೀವ ಕಳೆದುಕೊಂಡರು. ಒಳ್ಳೆಯ ಯಜಮಾನ, ಅನುಮಾನವಿಲ್ಲ. ಆದರೆ ನನ್ನ ತಕರಾರು ಬೇರೆ ಇದೆ.

ಈ ಪಾಲು ಮ್ಯಾನೇಜರ್ ಮಟ್ಟಕ್ಕೇ ನಿಂತುಬಿಡುತ್ತೆ. ಬನ್ನಿನ ಬುಟ್ಟಿ ಹಿಡಿದು ಬರೋ ಹುಡುಗಿಗೆ, ಹಾಡು ಬಂದಾಗ ಟೇಬಲ್‌ಗಳ ನಡುವೆ ಸಾಲಾಗಿ ಕುಣಿಯೋ ಹುಡುಗನಿಗೆ ಲಾಭದಲ್ಲಿ ಬಿಡಿಗಾಸಿಲ್ಲ. ಟಿಪ್ ಪಡೆಯೋ ಕೆಲಸಗಾರರಿಗೆ ಅಮೆರಿಕದ ಕೇಂದ್ರ ಕಾನೂನಿನ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಅದು ಕದಲಿಲ್ಲ. ಕೆಲವು ರಾಜ್ಯಗಳು ಹೆಚ್ಚಿಸಿವೆ. ಇಂಡಿಯಾನಾ, ಕೆಂಟಕಿಯಲ್ಲಿ ಇಂದಿಗೂ ಅದೇ. ಉಳಿದದ್ದು ನಮ್ಮ ಟಿಪ್ಪಿನಿಂದ ತುಂಬಬೇಕು. ಅಂದರೆ ನಾವು ಮೆಚ್ಚಿಕೊಳ್ಳೋ ಆ ಸೇವೆಯ ಸಂಬಳದ ದೊಡ್ಡ ಪಾಲು ಕೊಡ್ತಿರೋರು ನಾವೇ. ಇನ್ನೊಂದು ವಿಷಯ: ಎದುರಿಗೆ ಬಂದು ಸೇವೆ ಮಾಡೋ ಕೆಲಸಕ್ಕೆ ನಲವತ್ತು ದಾಟಿದವರನ್ನು ತೆಗೆದುಕೊಳ್ಳೋದಿಲ್ಲ ಅಂತ ಕೇಂದ್ರ ಸರ್ಕಾರದ ಸಮಾನ ಉದ್ಯೋಗಾವಕಾಶ ಆಯೋಗ ರೋಡ್‌ಹೌಸ್ ಮೇಲೆ ಕೇಸು ಹಾಕಿತ್ತು. 2017ರಲ್ಲಿ 1.2 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಅಷ್ಟೊಂದು ಉತ್ಸಾಹ ಉಕ್ಕೋ ಹೋಟೆಲಿನಲ್ಲಿ ಎಲ್ಲರೂ ಕಾಲೇಜಿನವರ ಹಾಗೇ ಕಾಣ್ತಾರಲ್ಲ, ಯಾಕೆ ಅನ್ನೋ ಪ್ರಶ್ನೆ ಅನೇಕರಿಗೆ ಬಂದಿರಬೇಕು.

ಮುಂದಿನ ಪರೀಕ್ಷೆ ಮಾಂಸದ ಬೆಲೆ. ಬರಗಾಲದಿಂದ ದನ ಸಾಕೋರು ಹಿಂಡು ಇಳಿಸುತ್ತಾ ಬಂದು, 2025ರ ಶುರುವಿಗೆ ಅಮೆರಿಕದ ದನಗಳ ಸಂಖ್ಯೆ 8.67 ಕೋಟಿಗೆ ಬಂತು, 1951ರಿಂದೀಚೆಗೆ ಇಷ್ಟು ಕಡಿಮೆ ಆಗಿರಲಿಲ್ಲ. ರೋಡ್‌ಹೌಸ್‌ನ ಸಾಮಾನಿನ ಖರ್ಚಲ್ಲಿ ಸುಮಾರು ಅರ್ಧ ದನದ ಮಾಂಸವೇ. ರೇಟು ಏರಿಸಿದರೆ ಜನ ಹೋಗ್ತಾರೆ, ಏರಿಸದಿದ್ದರೆ ಮ್ಯಾನೇಜರಿನ ಶೇ. 10 ಕರಗುತ್ತೆ. 2025ರಲ್ಲಿ ರೇಟು ಸ್ವಲ್ಪವೇ ಏರಿಸಿ, ಲಾಭ ಇಳಿಯೋದಕ್ಕೆ ಬಿಟ್ಟರು. ನನಗೆ ಇದು ಸರಿ ಅನ್ನಿಸುತ್ತೆ. ಇದೇ ಜಾಗದಲ್ಲಿ ಸಾಲದ ಕಂತು ಕಟ್ಟೋ ಕಂಪನಿ ಇದ್ದಿದ್ದರೆ ಮೊದಲು ಆ ಮಾಂಸ ಕತ್ತರಿಸುವವನ ಕೆಲಸ ಹೋಗ್ತಿತ್ತು, ಆಮೇಲೆ ಮೂರು ಟೇಬಲ್ ಐದಾಗ್ತಿತ್ತು.

ಅಮೆರಿಕದಲ್ಲಿರೋ ನಮ್ಮವರು ರೋಡ್‌ಹೌಸ್‌ಗೆ ಹೋಗೋದಾದರೆ ಒಂದೆರಡು ಮಾತು. ಗ್ರೀನ್ ಬೀನ್ಸ್ ಪಲ್ಯ ಅಂದುಕೊಂಡು ಸಸ್ಯಾಹಾರಿಗಳು ಆರ್ಡರ್ ಮಾಡಬೇಡಿ, ಅದರಲ್ಲಿ ಹಂದಿ ಮಾಂಸದ ಬೇಕನ್ ಇರುತ್ತೆ. ಬೇಯಿಸಿದ ಗೆಣಸು ತಗೊಳ್ಳಿ. ಬನ್ನು ಎಷ್ಟು ಕೇಳಿದರೂ ಕೊಡ್ತಾರೆ, ಸಂಕೋಚ ಬೇಡ. ಬನ್ನಲ್ಲೇ ಹೊಟ್ಟೆ ತುಂಬಿ ಬಿಲ್ಲು ಸಣ್ಣದಾದರೆ, ಟಿಪ್ಪನ್ನು ಆ ಬಿಲ್ಲಿಗೆ ಶೇಕಡಾ ಹಾಕಿ ಕೊಡಬೇಡಿ. ಓಡಾಡಿದ್ದಕ್ಕೆ ಕೊಡಿ.